ತಲಶ್ಶೇರಿಯಲ್ಲಿ ಕತ್ತಿ ಹಿಡಿದ ಮಕ್ಕಳು

ದಸರಾ ರಜೆಗೆ ಎಲ್ಲಿಗೆ ಹೋಗೋಣ ಅಂತ ಕೇಳಿದಾಗ ಮಗಳು ಊಟಿ ಅನ್ನಲಿಲ್ಲ, ಗೋವಾ ಅನ್ನಲಿಲ್ಲ. ತಲಶ್ಶೇರಿ ಅಂದಳು. ಏಳನೇ ಕ್ಲಾಸಿನ ಹುಡುಗಿ ಕೇರಳದ ಒಂದು ಸಣ್ಣ ಪಟ್ಟಣದ ಹೆಸರು ಹಿಡಿದು ಕೂತರೆ ಕಾರಣ ಇರಲೇಬೇಕು. ನಮ್ಮನೆಯಲ್ಲಿ ಆ ಕಾರಣ ಎಲ್ಲರಿಗೂ ಗೊತ್ತು. ಒಲಿಂಪಿಕ್ಸ್‌ಗೆ ಹೋದ ಭಾರತದ ಮೊದಲ ಫೆನ್ಸಿಂಗ್ ಆಟಗಾರ್ತಿ ಸಿ.ಎ. ಭವಾನಿ ದೇವಿ ಹತ್ತನೇ ಕ್ಲಾಸ್ ಮುಗಿಸಿ ಕಲಿಯಲು ಹೋದದ್ದು ತಲಶ್ಶೇರಿಯ ಸಾಯ್ ಕೇಂದ್ರಕ್ಕೆ, ಅಂದರೆ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರಕ್ಕೆ. ಮಗಳ ಓದುವ ಮೇಜಿನ ಮೇಲೆ ಅವರ ಫೋಟೊ ಅಂಟಿಸಿದೆ. ಅದರ ಪಕ್ಕದಲ್ಲೇ ಟೈಮ್ ಟೇಬಲ್.

ಮಗಳಿಗೆ ಫೆನ್ಸಿಂಗ್ ಕಲಿಸುವ ಸರ್‌ಗೆ ಅಲ್ಲಿಯ ಒಬ್ಬ ಕೋಚ್ ಪರಿಚಯ. ಶಾಲೆಯೊಂದರ ಹಾಲ್‌ನಲ್ಲಿ ಮಕ್ಕಳಿಗೆ ಕಲಿಸುತ್ತಾರಂತೆ. ಬಂದು ನೋಡಿ, ಮಗಳ ಕಿಟ್ಟೂ ತನ್ನಿ ಅಂತ ಫೋನಿನಲ್ಲೇ ಹೇಳಿದರು. ವಿಜಯದಶಮಿ ಕಳೆದ ಮೇಲೆ ಹೊರಟೆವು. ಅಲ್ಲಿವರೆಗೆ ಅಲ್ಲಿಯೂ ಮಕ್ಕಳಿಗೆ ರಜೆ.

ಮೊದಲ ದಿನ: ಮಾಕುಟ್ಟದ ರಸ್ತೆ

ಮೈಸೂರಿನಿಂದ ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ. ಅಲ್ಲಿಗೆ ಅರ್ಧ ದಾರಿ ಮುಗಿಯಿತು, ಅದೂ ಚೆನ್ನಾಗಿರುವ ಅರ್ಧ. ವಿರಾಜಪೇಟೆಯಲ್ಲಿ ಕಡುಬು, ಕಾಫಿ ಮುಗಿಸಿಕೊಂಡು ಪೆರುಂಬಾಡಿ ದಾಟಿದರೆ ಮಾಕುಟ್ಟ ಘಾಟಿ ಶುರು. ಹೊರಡುವ ಮುಂಚೆ ವಿರಾಜಪೇಟೆಯಲ್ಲೇ ಯಾರನ್ನಾದರೂ ರಸ್ತೆ ಹೇಗಿದೆ ಅಂತ ಕೇಳಿಕೊಳ್ಳುವುದು ಒಳ್ಳೆಯದು. ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿಯುತ್ತದೆ, ರಸ್ತೆ ಮುಚ್ಚುತ್ತಾರೆ. ನಾವು ಹೋದಾಗ ತೆರೆದಿತ್ತು. ಆದರೆ ಹಿಂದಿನ ರಾತ್ರಿ ಮಳೆ ಬಿದ್ದು ರಸ್ತೆ ತುಂಬ ಎಲೆ, ಕಡ್ಡಿ, ಕೆಂಪು ನೀರು.

ಘಾಟಿಯ ನಡುವೆ ಒಂದು ಮರ ಅಡ್ಡ ಬಿದ್ದಿತ್ತು. ಮುಂದೆ ಒಂದು ಕೇರಳ ಬಸ್ಸು, ಎರಡು ಕೋಳಿ ಗಾಡಿ, ಒಂದಷ್ಟು ಕಾರು. ಬಸ್ಸಿನವರು ಇಳಿದು ಮಚ್ಚು ಹಿಡಿದು ರೆಂಬೆ ಕಡಿಯುತ್ತಿದ್ದರು. ನಮ್ಮವರೂ ಇಳಿದು ಕೈ ಹಾಕಿದರು. ಕಾಡು ತೊಟ್ಟಿಕ್ಕುತ್ತಿತ್ತು. ಜೀರುಂಡೆ ಸದ್ದಿಗೆ ಮಾತೇ ಕೇಳಿಸುತ್ತಿರಲಿಲ್ಲ. ಮಗಳು ಕಾರಿನ ಹಿಂದೆ, ರಸ್ತೆ ಅಂಚಿನ ಬಿಳಿ ಗೆರೆಯ ಮೇಲೆ ನಿಂತು ಹೆಜ್ಜೆ ಅಭ್ಯಾಸಕ್ಕೆ ಶುರು ಮಾಡಿದಳು. ಮುಂದೆ ಎರಡು, ಹಿಂದೆ ಒಂದು, ಮತ್ತೆ ಮುಂದೆ, ಲಂಜ್, ಅಂದರೆ ಮುಂಗಾಲು ದೂರಕ್ಕೆ ಚಾಚಿ ನುಗ್ಗುವುದು. ಕೋಳಿ ಗಾಡಿಯ ಹುಡುಗ ಬೀಡಿ ಹಚ್ಚುವುದನ್ನು ಮರೆತು ನೋಡುತ್ತಾ ನಿಂತ. ಕೊನೆಗೆ ತಡೆಯಲಾರದೆ, "ಇದು ಯಾವ ಡ್ಯಾನ್ಸು ಅಕ್ಕಾ?" ಅಂತ ನನ್ನನ್ನೇ ಕೇಳಿದ. ಕತ್ತಿ ಆಟ ಅಂದೆ. "ಕಳರಿಯಾ?" ಅಂದ, ಕೇರಳದ ಹಳೆಯ ಸಮರ ಕಲೆ ಅದು. ಅಲ್ಲ, ಒಲಿಂಪಿಕ್ಸ್‌ನಲ್ಲಿ ಇರುತ್ತಲ್ಲ, ಅದು ಅಂದೆ. ಅವನು ಮಗಳ ಕಡೆ ಇನ್ನೊಮ್ಮೆ ನೋಡಿದ, ಈ ಸಲ ಬೇರೆಯದೇ ಗೌರವದಿಂದ.

ಮರ ಸರಿದು, ಕೂಟುಹೊಳೆ ಸೇತುವೆ ದಾಟಿ, ಇರಿಟ್ಟಿಗೆ ಬಂದಾಗ ಊಟದ ಹೊತ್ತು ಮೀರಿತ್ತು. ಬ್ರಿಟಿಷರ ಕಾಲದ ಕಬ್ಬಿಣದ ಸೇತುವೆ ಇನ್ನೂ ಗಟ್ಟಿಯಾಗಿ ನಿಂತಿದೆ, ಪಕ್ಕದಲ್ಲಿ ಹೊಸತು. ಕುಚ್ಚಲಕ್ಕಿ ಅನ್ನ, ಮೀನು ಸಾರು, ಹುರಿದ ಬಂಗುಡೆ. ಅಲ್ಲಿಂದ ಮಟ್ಟನ್ನೂರು, ಕೂತ್ತುಪರಂಬ ಮೂಲಕ ತಲಶ್ಶೇರಿ. ಊರಿಗೆ ಊರು ಅಂಟಿಕೊಂಡ ದಾರಿ, ಖಾಲಿ ಜಾಗವೇ ಇಲ್ಲ. ಸಂಜೆ ಗುಡುಗು ಶುರುವಾಯಿತು. ತುಲಾ ಮಾಸದ ಮಳೆ ಹೀಗೇ, ಬೆಳಗ್ಗೆ ಬಿಸಿಲು, ಮಧ್ಯಾಹ್ನ ದಾಟಿದ ಮೇಲೆ ಸಿಡಿಲು ಅಂದರು ಲಾಡ್ಜಿನವರು. ಹಾಗಾಗಿ ಈ ತಿಂಗಳಲ್ಲಿ ಹೋಗುವವರು ನೋಡುವುದನ್ನೆಲ್ಲಾ ಬೆಳಗ್ಗೆ ಇಟ್ಟುಕೊಳ್ಳಿ.

ಎರಡನೇ ದಿನ: ಹಾಲ್

ಬೆಳಗ್ಗೆ ಆರೂವರೆಗೆ ಹಾಲ್ ಮುಂದೆ ಇದ್ದೆವು. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ಇಪ್ಪತ್ತಕ್ಕೂ ಜಾಸ್ತಿ ಮಕ್ಕಳು, ಮುಕ್ಕಾಲು ಭಾಗ ಹುಡುಗಿಯರೇ. ಏಳು ವರ್ಷದವರಿಂದ ಹಿಡಿದು ಪಿಯುಸಿ ವಯಸ್ಸಿನವರವರೆಗೆ. ಕೋಚ್ ಸಣ್ಣ ಮೈಕಟ್ಟಿನ, ಮೆತ್ತಗೆ ಮಾತಾಡುವ ಮನುಷ್ಯ. ನಮ್ಮನ್ನು ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿದರು. ಆಟ ನಡೆಯುವಾಗ ಮಕ್ಕಳನ್ನು ಕರೆಯಬೇಡಿ, ಫ್ಲ್ಯಾಶ್ ಹಾಕಬೇಡಿ, ಅಷ್ಟೇ ಅಂದರು.

ಚಿಕ್ಕವರ ಕೈಯಲ್ಲಿ ಕತ್ತಿಯೇ ಇರಲಿಲ್ಲ. ಮೊದಲ ಕೆಲವು ವಾರ ಬರೀ ಕಾಲು ಅಂತೆ. ಮೊಣಕಾಲು ಬಗ್ಗಿಸಿ, ಬಲಗಾಲು ಮುಂದೆ, ಎಡಗಾಲು ಅಡ್ಡ, ಬೆನ್ನು ನೇರ. ಅದೇ ನಿಲುವಿನಲ್ಲಿ ಹಾಲ್‌ನ ಈ ತುದಿಯಿಂದ ಆ ತುದಿಗೆ. ನೋಡುವವರಿಗೇ ತೊಡೆ ನೋಯುತ್ತದೆ. ಕತ್ತಿ ಅಂತ ಆಸೆಯಿಂದ ಬಂದ ಮಗುವನ್ನು ಇಷ್ಟು ದಿನ ಬರಿಗೈಯಲ್ಲಿ ಹೇಗೆ ಹಿಡಿದಿಡುತ್ತಾರೆ ಅಂತ ನನಗೆ ಅನಿಸಿತು. ಉತ್ತರ ಅಲ್ಲೇ ಸಿಕ್ಕಿತು. ಕೋಚ್ ಒಂದು ಕೈಗವಸು ತೆಗೆದುಕೊಂಡರು. ಎದುರಿಗೆ ಒಂದು ಪುಟ್ಟ ಹುಡುಗಿ, ಎರಡು ಜಡೆ. ಕೋಚ್ ತೋಳು ಚಾಚಿ, ಭುಜದ ಎತ್ತರಕ್ಕೆ ಗವಸು ಹಿಡಿದರು. ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ಬಿಟ್ಟ ಕೂಡಲೇ ಅವಳು ಕೈ ಚಾಚಿ, ಲಂಜ್ ಹಾಕಿ, ನೆಲ ಮುಟ್ಟುವ ಮುಂಚೆ ಹಿಡಿಯಬೇಕು. ಮೊದಲ ಸಲ ಗವಸು ಬಿತ್ತು. ಎರಡನೇ ಸಲ ಬೆರಳಿಗೆ ತಾಗಿ ಬಿತ್ತು. ಮುಂದಿನ ಸಲ ಕೋಚ್ ಬಿಡುವ ಹಾಗೆ ಮಾಡಿ ಬಿಡಲಿಲ್ಲ. ಅವಳು ಮುಂದೆ ಹಾರಿ ಬರಿಗಾಳಿ ಹಿಡಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆಮೇಲೆ ಅವಳ ಮುಖವೇ ಬದಲಾಯಿತು. ಕೈ ನೋಡುವುದನ್ನು ಬಿಟ್ಟು ಕೋಚ್ ಭುಜ ನೋಡತೊಡಗಿದಳು. ಗವಸು ಬಿಟ್ಟರು. ಟಪ್ ಅಂತ ಹಿಡಿದಳು. ಮಂಡಿ ನೆಲಕ್ಕೆ ಒಂದು ಗೇಣು, ಕೈಯಲ್ಲಿ ಗವಸು, ಬಾಯಿ ತೆರೆದೇ ಇತ್ತು. ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಮೈ ನೋಡಿ ಹೇಳಬಹುದು ಅನ್ನುವುದು ಆ ಮಗುವಿಗೆ ಆ ಕ್ಷಣ ಗೊತ್ತಾಯಿತು. ನನ್ನ ಕಣ್ಣೆದುರಿಗೇ ಗೊತ್ತಾಯಿತು.

ದೊಡ್ಡವರ ಆಟ ಬದಿಯಲ್ಲಿ ನಡೆದಿತ್ತು. 14 ಮೀಟರ್ ಉದ್ದದ ಪಟ್ಟಿ, ಅದನ್ನು ಪಿಸ್ಟ್ ಅನ್ನುತ್ತಾರೆ. ಇಬ್ಬರ ಬೆನ್ನಿಂದಲೂ ಒಂದೊಂದು ವೈರ್, ತುದಿಯಲ್ಲಿ ಸುರುಳಿ ಬಿಚ್ಚಿಕೊಳ್ಳುವ ರೀಲ್. ಮುಖಕ್ಕೆ ಜಾಲರಿ ಮಾಸ್ಕ್, ಬಿಳಿ ಜಾಕೆಟ್, ಅದರ ಮೇಲೆ ಲೋಹದ ಎಳೆ ನೇಯ್ದ ಲಾಮೆ. ಫೆನ್ಸಿಂಗ್‌ನಲ್ಲಿ ಮೂರು ಬಗೆಯ ಕತ್ತಿ: ಫಾಯಿಲ್, ಎಪಿ, ಸೇಬರ್. ಮಗಳು ಆಡುವುದು ಫಾಯಿಲ್. ಇದರಲ್ಲಿ ಎದೆ, ಹೊಟ್ಟೆ, ಬೆನ್ನಿಗೆ ಚುಚ್ಚಿದರೆ ಮಾತ್ರ ಪಾಯಿಂಟ್. ಸರಿಯಾದ ಜಾಗಕ್ಕೆ ತಾಗಿದರೆ ಕೆಂಪೋ ಹಸಿರೋ ದೀಪ, ತೋಳಿಗೋ ಕಾಲಿಗೋ ತಾಗಿದರೆ ಬಿಳಿ. ಎಪಿಯಲ್ಲಿ ತಲೆಯಿಂದ ಪಾದದವರೆಗೆ ಎಲ್ಲಿ ತಾಗಿದರೂ ಆಯಿತು. ಸೇಬರ್‌ನಲ್ಲಿ ಸೊಂಟದಿಂದ ಮೇಲೆ, ಅದೂ ಬರೀ ಚುಚ್ಚುವುದಲ್ಲ, ಅಲಗಿನಿಂದ ಹೊಡೆಯಲೂಬಹುದು. ಭವಾನಿ ದೇವಿಯವರದ್ದು ಸೇಬರ್.

ಮಗಳಿಗೂ ಒಬ್ಬಳು ಜೊತೆ ಸಿಕ್ಕಳು. ಅವಳಿಗಿಂತ ಒಂದು ವರ್ಷ ದೊಡ್ಡವಳು, ಎಡಗೈಯವಳು. ಇಬ್ಬರೂ ಸೆಲ್ಯೂಟ್ ಮಾಡಿ ಮಾಸ್ಕ್ ಇಳಿಸಿದರು. "ಆನ್ ಗಾರ್ಡ್. ಪ್ರೆ. ಅಲೆ!" ಸಿದ್ಧವಾಗಿ, ಶುರು ಮಾಡಿ ಅಂತ ಕೋಚ್ ಫ್ರೆಂಚಿನಲ್ಲಿ ಕೂಗಿದ್ದೇ ತಡ, ಎಡಗೈ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು, ಮಗಳನ್ನು ಮುಂದೆ ಕರೆದುಕೊಂಡು, ಚಕ್ಕನೆ ನಿಂತು ಚುಚ್ಚಿದಳು. ದೀಪ. ಮತ್ತೆ ದೀಪ. ಮಗಳ ಕಡೆ ಏನೂ ಇಲ್ಲ. ಆಮೇಲೆ ಒಂದು ಸಲ ಮಗಳ ತುದಿ ಅವಳ ಹೊಟ್ಟೆಗೆ ಸರಿಯಾಗಿ ತಾಗಿ ಅಲಗು ಬಿಲ್ಲಾಗಿ ಬಗ್ಗಿತು. ಆದರೂ ದೀಪ ಹತ್ತಲಿಲ್ಲ.

ಆಟ ನಿಲ್ಲಿಸಿದರು. ಆ ಹುಡುಗಿಯೇ ಮಾಸ್ಕ್ ತೆಗೆದು ಬಂದು ಮಗಳ ಫಾಯಿಲ್ ತುದಿ ನೋಡಿದಳು. ತುದಿಯಲ್ಲಿ ಸ್ಪ್ರಿಂಗ್ ಇರುವ ಒಂದು ಗುಂಡಿ, 500 ಗ್ರಾಂಗಿಂತ ಜಾಸ್ತಿ ಒತ್ತಡ ಬಿದ್ದರೆ ಒಳಗೆ ಹೋಗಬೇಕು. ಅದನ್ನು ಹಿಡಿದಿಡುವುದು ಎರಡು ತಿರುಪು. ಸಾಸಿವೆಗಿಂತ ದೊಡ್ಡದೇನಲ್ಲ. ಒಂದು ತಿರುಪು ಬಿದ್ದೇ ಹೋಗಿತ್ತು! ಆಟ ನಿಂತೇ ಹೋಯಿತು. ಇಡೀ ಹಾಲ್ ನೆಲಕ್ಕೆ ಮುಖ ಹಚ್ಚಿ ಹುಡುಕತೊಡಗಿತು. ಜಡೆಯ ಪುಟ್ಟಿ, ಕಾಲೇಜು ಹುಡುಗರು, ನಮ್ಮವರೂ. ಒಬ್ಬ ಹುಡುಗ ಮೊಬೈಲ್ ಟಾರ್ಚನ್ನು ನೆಲಕ್ಕೆ ಒರಗಿಸಿ ಅಡ್ಡಡ್ಡವಾಗಿ ಬೆಳಕು ಬಿಟ್ಟ. ಹಾಗೆ ಬಿಟ್ಟರೆ ಎಷ್ಟು ಚಿಕ್ಕ ವಸ್ತುವಿಗೂ ನೆರಳು ಬೀಳುತ್ತದಂತೆ. ತಿರುಪು ಸಿಗಲಿಲ್ಲ. ಎಡಗೈ ಹುಡುಗಿ ತನ್ನ ಬ್ಯಾಗಿನಿಂದ ಒಂದು ಮಾತ್ರೆ ಡಬ್ಬಿ ತೆಗೆದಳು. ಒಳಗೆ ಹತ್ತಾರು ತಿರುಪು, ನಾಲ್ಕು ಸ್ಪ್ರಿಂಗ್. ಸಣ್ಣ ಸ್ಕ್ರೂ ಡ್ರೈವರ್ ತುದಿಗೆ ಸ್ವಲ್ಪ ಮೇಣ ಅಂಟಿಸಿ, ತಿರುಪನ್ನು ಅದಕ್ಕೆ ಕಚ್ಚಿಸಿ, ಉಸಿರು ಬಿಗಿ ಹಿಡಿದು ಕೂರಿಸಿದಳು. ಆಮೇಲೆ ಅಲಗಿನ ಬುಡದ ಕಡೆ ನೋಡಿ ಏನೋ ಕೇಳಿದಳು. ಗಾರ್ಡ್ ಮೇಲೆ ಕೆಂಪು ಕಲೆ. ಆಯುಧ ಪೂಜೆಯ ದಿನ ಮಗಳು ತನ್ನ ಕತ್ತಿಗೆ ಅರಿಶಿನ ಕುಂಕುಮ ಇಟ್ಟಿದ್ದಳು, ಅದು ಪೂರ್ತಿ ಒರೆಸಿರಲಿಲ್ಲ. ಕೈಸನ್ನೆಯಲ್ಲೇ ವಿಷಯ ತಿಳಿದು ಆ ಹುಡುಗಿ ತನ್ನ ಫಾಯಿಲ್ ತಂದು ತೋರಿಸಿದಳು. ಅವಳ ಗಾರ್ಡ್‌ನ ಒಳಗೂ ಒಣಗಿದ ಚಂದನ. ಅಲ್ಲಿಂದ ಇಬ್ಬರೂ ಒಬ್ಬರನ್ನೊಬ್ಬರು ಬಿಡಲಿಲ್ಲ. ಕನ್ನಡಕ್ಕೂ ಮಲಯಾಳಕ್ಕೂ ನಡುವೆ ಅವರು ಏನು ಮಾತಾಡಿಕೊಂಡರೋ ನನಗಂತೂ ಗೊತ್ತಾಗಲಿಲ್ಲ.

ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದರು. ಮುಂಡು, ಮಡಿಸಿದ ಛತ್ರಿ. ನಾವು ಕನ್ನಡ ಮಾತಾಡುವುದು ಕೇಳಿ ತಿರುಗಿದರು. "ಬೆಂಗಳೂರಾ?" ಮೈಸೂರು ಅಂದೆ. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ಬೇಕರಿ ನಡೆಸಿದವರಂತೆ. ಈ ಕಡೆಯವರು ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲಿ ಬೇಕರಿ ಇಟ್ಟಿದ್ದಾರೆ, ಅದು ನಮಗೆಲ್ಲ ಗೊತ್ತಿರುವ ಮಾತೇ. ಎರಡು ಜಡೆಯ ಪುಟ್ಟಿ ಅವರ ಮೊಮ್ಮಗಳು.

"ನಿಮಗೆ ಈ ಆಟ ತಿಳಿಯುತ್ತಾ?" ಅಂತ ಕೇಳಿದೆ.

"ಇಲ್ಲ ಮೇಡಂ. ಏನೂ ತಿಳಿಯಲ್ಲ. ಇವಳ ಅಪ್ಪನಿಗೆ ತಿಳಿಯಲ್ಲ, ಅಮ್ಮನಿಗೆ ತಿಳಿಯಲ್ಲ. ಇವಳ ಅಣ್ಣ ಕ್ರಿಕೆಟ್. ಅವನು ಔಟಾದರೆ ಮನೆಯಲ್ಲಿ ನಾನು ಹೇಳ್ತೀನಿ, ಅವರಪ್ಪ ಹೇಳ್ತಾನೆ, ಪಕ್ಕದ ಮನೆಯವನೂ ಹೇಳ್ತಾನೆ, ಹಾಗೆ ಆಡು ಹೀಗೆ ಆಡು ಅಂತ. ಇವಳಿಗೆ ಯಾರೂ ಹೇಳೋರಿಲ್ಲ. ಇವಳೇ ನಮಗೆ ಹೇಳೋದು. ರಾತ್ರಿ ಊಟಕ್ಕೆ ಕೂತಾಗ ಇವಳೇ ಟೀಚರ್."

ಅವರು ನಕ್ಕರು. ನಾನು ನಗದೆ ಕೂತೆ. ನಮ್ಮ ಮನೆಯ ಕಥೆಯೂ ಇದೇ. ಮಗಳು ಸಂಗೀತ ಬಿಟ್ಟಳು, ಬ್ಯಾಡ್ಮಿಂಟನ್ ಬಿಟ್ಟಳು. ಎರಡರಲ್ಲೂ ಅವಳಿಗಿಂತ ಮೊದಲೇ ನಾವು ಇದ್ದೆವು. ನನಗೆ ಸಂಗೀತ, ನಮ್ಮವರಿಗೆ ಬ್ಯಾಡ್ಮಿಂಟನ್. ಫೆನ್ಸಿಂಗ್‌ಗೆ ಅವಳೊಬ್ಬಳೇ ಹೋದಳು, ಅಲ್ಲೇ ಉಳಿದಳು. ಮಕ್ಕಳು ಈ ಆಟವನ್ನು ಇಷ್ಟೊಂದು ಹಚ್ಚಿಕೊಳ್ಳುವುದಕ್ಕೆ ಕತ್ತಿಯ ಆಕರ್ಷಣೆ ಒಂದು ಕಾರಣ, ನಿಜ. ಆದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿದೆ ಅನ್ನುವುದು ಅದಕ್ಕಿಂತ ದೊಡ್ಡ ಕಾರಣ ಅಂತ ನನ್ನ ನಂಬಿಕೆ.

ಭವಾನಿ ದೇವಿಯವರ ಆರಂಭವೂ ಹೀಗೇ. 2004ರಲ್ಲಿ, ಚೆನ್ನೈನ ಶಾಲೆಯಲ್ಲಿ ಆರನೇ ಕ್ಲಾಸಿನಲ್ಲಿದ್ದಾಗ ಆಟಕ್ಕೆ ಹೆಸರು ಕೊಡಲು ಹೋದರೆ ಬೇರೆ ಆಟಗಳೆಲ್ಲ ಭರ್ತಿ. ಉಳಿದಿದ್ದು ಫೆನ್ಸಿಂಗ್. ಅದನ್ನೇ ತೆಗೆದುಕೊಂಡರು. ಮೊದಮೊದಲು ಬಿದಿರು ಕೋಲಿನಲ್ಲಿ ಅಭ್ಯಾಸ, ನಿಜವಾದ ಕತ್ತಿ ಪಂದ್ಯಕ್ಕೆ ಮಾತ್ರ, ಯಾಕೆಂದರೆ ಮುರಿದರೆ ಇನ್ನೊಂದು ತರುವುದು ಕಷ್ಟ. 14ನೇ ವಯಸ್ಸಿನಲ್ಲಿ ಟರ್ಕಿಯಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ. ಮೂರು ನಿಮಿಷ ತಡವಾಗಿದ್ದಕ್ಕೆ ಕಪ್ಪು ಕಾರ್ಡ್ ತೋರಿಸಿ ಹೊರಗೆ ಹಾಕಿದರು. ಅಷ್ಟು ದೂರ ಹೋದ ಮಗುವಿಗೆ ಆಗ ಹೇಗಾಗಿರಬೇಡ! ಆಮೇಲೆ ತಲಶ್ಶೇರಿ, ಕೋಚ್ ಸಾಗರ್ ಲಾಗು, ಅದಾದ ಮೇಲೆ ಇಟಲಿ. 2021ರ ಜುಲೈನಲ್ಲಿ ಟೋಕಿಯೊ. ಟ್ಯುನೀಷಿಯಾದ ಹುಡುಗಿಯನ್ನು 15-3ರಲ್ಲಿ ಸೋಲಿಸಿ, ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರೂನೆಗೆ 7-15ರಲ್ಲಿ ಸೋತರು. 2023ರಲ್ಲಿ ಚೀನಾದ ವುಶಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಕಂಚು, ಅದೂ ವಿಶ್ವ ಚಾಂಪಿಯನ್ ಮಿಸಾಕಿ ಎಮುರಾ ಅವರನ್ನು ಕ್ವಾರ್ಟರ್ ಫೈನಲ್‌ನಲ್ಲಿ ಸೋಲಿಸಿ. ಈ ಅಂಕಿಗಳೆಲ್ಲ ಹಾಲ್‌ನಲ್ಲಿದ್ದ ಮಕ್ಕಳಿಗೆ ಬಾಯಿಪಾಠ.

ಮಧ್ಯಾಹ್ನ ತಲಶ್ಶೇರಿ ಬಿರಿಯಾನಿ. ಉದ್ದ ಅಕ್ಕಿಯಲ್ಲ, ಕೈಮಾ ಅನ್ನುವ ಸಣ್ಣ ಪರಿಮಳದ ಅಕ್ಕಿ. ಖಾರ ಕಡಿಮೆ, ತುಪ್ಪದ ಘಮ ಜಾಸ್ತಿ, ಜೊತೆಗೆ ಖರ್ಜೂರದ ಉಪ್ಪಿನಕಾಯಿ. ಆಮೇಲೆ ಸುಲೈಮಾನಿ, ಅಂದರೆ ಹಾಲು ಹಾಕದ ಚಹಾ. ಮಗಳು ಎರಡು ಉನ್ನಕ್ಕಾಯಿಯನ್ನೂ ಮುಗಿಸಿದಳು, ನೇಂದ್ರ ಬಾಳೆಹಣ್ಣಿನ ಹಿಟ್ಟಿನೊಳಗೆ ತೆಂಗಿನಕಾಯಿ, ಗೋಡಂಬಿ ಹೂರಣ ತುಂಬಿ ಕರಿದದ್ದು. ಬಿರಿಯಾನಿಗೆ ಹನ್ನೆರಡೂವರೆಗೆ ಹೋಗಿಬಿಡಿ. ಎರಡು ಗಂಟೆ ಮೇಲೆ ಜಾಗ ಸಿಗುವುದು ಕಷ್ಟ.

ಕೋಟೆಗೆ ಹೋದಾಗ ಮೋಡ ಕಟ್ಟಿತ್ತು. ಈಸ್ಟ್ ಇಂಡಿಯಾ ಕಂಪನಿ 1708ರಲ್ಲಿ ಕಟ್ಟಿದ ಜಂಬಿಟ್ಟಿಗೆ ಕೋಟೆ, ಕೆಳಗೆ ಸಮುದ್ರ. ಗುಂಡರ್ಟ್ ಪ್ರತಿಮೆಯನ್ನೂ ನೋಡಿದೆವು. ನಮಗೆ ಕಿಟೆಲ್ ಹೇಗೋ ಮಲಯಾಳಿಗಳಿಗೆ ಅವರು ಹಾಗೆ, ಇಬ್ಬರೂ ಬಾಸೆಲ್ ಮಿಷನ್‌ನವರೇ. ಗುಂಡರ್ಟ್ ನಿಘಂಟು 1872ರದ್ದು, ಕಿಟೆಲ್‌ದು 1894ರದ್ದು. ಪ್ರತಿಮೆ ಮುಂದೆ ನಿಂತು ನಮ್ಮವರು ಇದನ್ನೆಲ್ಲ ಹೇಳುವಷ್ಟರಲ್ಲಿ ಮಳೆ ಹೊಡೆಯಿತು.

ಮೂರನೇ ದಿನ: ಮಾಹೆ, ವಡಗರ

ಮಾಹೆಯಲ್ಲಿ ಪೆಟ್ರೋಲ್ ಹಾಕಿಸಿಕೊಂಡೆವು. ಪುದುಚೇರಿಗೆ ಸೇರಿದ ಜಾಗ, ಕೇರಳಕ್ಕಿಂತ ಅಗ್ಗ, ಅದಕ್ಕೇ ಬಂಕಿನ ಮುಂದೆ ಸಾಲು. ಅವಸರ ಇದ್ದರೆ ಹೊಸ ಬೈಪಾಸ್ ಹಿಡಿದು ಊರನ್ನೇ ತಪ್ಪಿಸಬಹುದು. ನಮಗೆ ಅವಸರ ಇರಲಿಲ್ಲ. ಹೊಳೆ ಸಮುದ್ರ ಸೇರುವ ಕಡೆ ಕಲ್ಲಿನ ದಾರಿ ಮೇಲೆ ಸ್ವಲ್ಪ ಹೊತ್ತು ನಡೆದಾಡಿದೆವು.

ವಡಗರಕ್ಕೆ ಹೋಗಬೇಕು ಅಂದದ್ದು ನಾನು. ಕತ್ತಿ ಅಂದರೆ ಈ ನಾಡಿಗೆ ಹೊಸದಲ್ಲ. ಉಣ್ಣಿಯಾರ್ಚ ಅನ್ನುವ ವೀರ ಹೆಣ್ಣಿನ ಹಾಡುಗಳು ಈ ಸೀಮೆಯವು. ಪದ್ಮಶ್ರೀ ಪಡೆದ ಕಳರಿ ಗುರು ಮೀನಾಕ್ಷಿ ಅಮ್ಮ ಇದೇ ವಡಗರದವರು. ಎಂಬತ್ತು ದಾಟಿದರೂ ಸೀರೆ ಬಿಗಿದು ಕತ್ತಿ, ಗುರಾಣಿ ಹಿಡಿದು ಕಲಿಸುವ ಅವರ ಚಿತ್ರಗಳನ್ನು ನೀವೂ ನೋಡಿರಬಹುದು. ನಾವು ಹೋದದ್ದು ಒಬ್ಬ ಪರಿಚಿತರು ಹೇಳಿದ ಒಂದು ಸಣ್ಣ ಕಳರಿಗೆ.

ನೆಲಮಟ್ಟಕ್ಕಿಂತ ಕೆಳಗೆ ತೋಡಿದ ಅಂಕಣ, ಮೇಲೆ ಹೆಂಚು, ಒಳಗೆ ತಂಪು ಮಣ್ಣು, ಎಣ್ಣೆಯ ವಾಸನೆ. ಬಲಗಾಲಿಟ್ಟು ಇಳಿಯಬೇಕು, ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಮೂಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೂತ್ತರ, ಅದರ ಮೇಲೆ ಹೂವು, ದೀಪ. ಗುರುಕ್ಕಳ್ ಬಾಯಲ್ಲಿ ಆಜ್ಞೆ ಹೇಳುತ್ತಾ ಹೋದರು, ಇಬ್ಬರು ಹುಡುಗರು ಕತ್ತಿ, ಗುರಾಣಿ ಹಿಡಿದು ಅದರಂತೆ ಆಡಿದರು. ಕತ್ತಿಗೆ ಗುರಾಣಿ ಬಡಿದರೆ ಕಿಡಿ ಹಾರುತ್ತಿತ್ತು. ನನ್ನ ಮೈಯೆಲ್ಲ ಜುಮ್ ಅಂದಿತು.

ಮಗಳು ಕಣ್ಣು ಮಿಟುಕಿಸದೆ ನೋಡಿದಳು. ಮುಗಿದ ಮೇಲೆ ಗುರುಕ್ಕಳ್ ಅವಳ ಲಂಜ್ ತೋರಿಸು ಅಂದರು. ತೋರಿಸಿದಳು. ಅವರು ಅವಳ ಹಿಂದಿನ ಪಾದ ಮುಟ್ಟಿ, ಹಿಮ್ಮಡಿ ಏಳಬಾರದು, ಶಕ್ತಿ ಬರುವುದೇ ಅಲ್ಲಿಂದ ಅಂದರು. ಮಗಳ ಸರ್ ಕೂಡ ಇದೇ ಮಾತನ್ನು ವರ್ಷದಿಂದ ಹೇಳುತ್ತಿದ್ದಾರೆ.

ಹೊರಗೆ ಬಂದು ಎಳನೀರು ಕುಡಿಯುವಾಗ ಕೇಳಿದೆ, "ನಿನಗೆ ಇದು ಕಲೀಬೇಕು ಅನ್ಸುತ್ತಾ?"

ಸ್ವಲ್ಪ ಹೊತ್ತು ಯೋಚಿಸಿದಳು. "ತುಂಬ ಚೆನ್ನಾಗಿದೆ ಅಮ್ಮಾ. ಆದ್ರೆ ಇಲ್ಲಿ ಇಬ್ಬರಿಗೂ ಮುಂದಿನ ಹೊಡೆತ ಯಾವುದು ಅಂತ ಗೊತ್ತು. ನಮ್ಮಲ್ಲಿ ಗೊತ್ತಿರಲ್ಲ. ಅದೇ ನಂಗೆ ಇಷ್ಟ."

ಕಳರಿಯಲ್ಲಿ ಕಲಿಕೆ ಹಾಗೆ. ಪ್ರತಿ ಹೊಡೆತಕ್ಕೂ ತಡೆಗೂ ಲೆಕ್ಕ ಇದೆ, ಜೀವಕ್ಕೆ ಅಪಾಯ ಇರುವ ಆಯುಧ ಹಿಡಿದವರಿಗೆ ಆ ಲೆಕ್ಕ ಬೇಕೇ ಬೇಕು. ಫೆನ್ಸಿಂಗ್‌ನಲ್ಲಿ ತುದಿ ಮೊಂಡು, ಮೈಗೆ ಕವಚ. ಹಾಗಾಗಿ ಎದುರಿನವಳನ್ನು ಸುಳ್ಳು ಹೆಜ್ಜೆಯಿಂದ ಮೋಸಗೊಳಿಸಬಹುದು, ಮೋಸ ಹೋಗಲೂಬಹುದು. ಇನ್ನೊಬ್ಬರ ಕಣ್ಣು ತಪ್ಪಿಸಿ ಏನಾದರೂ ಮಾಡಿದರೆ ಬೈಯುವ ನಾವು, ಇಲ್ಲಿ ಮಾತ್ರ ಮಕ್ಕಳಿಗೆ ಅದನ್ನು ಧೈರ್ಯವಾಗಿ ಮಾಡು ಅನ್ನುತ್ತೇವೆ. ಕಡೆಗೆ ಎದುರಿನವಳಿಗೆ ಸೆಲ್ಯೂಟ್ ಮಾಡಲೇಬೇಕು. ಮಾಡದಿದ್ದರೆ ಕಪ್ಪು ಕಾರ್ಡು. ಈ ನಿಯಮ ನನಗೆ ಬಹಳ ಹಿಡಿಸಿದೆ.

ನಾಲ್ಕನೇ ದಿನ: ಸೇಬರ್, ಸಮುದ್ರ, ಮನೆ

ಬೆಳಗ್ಗೆ ಮತ್ತೆ ಹಾಲ್. ಎಡಗೈ ಹುಡುಗಿ ಕಾಯುತ್ತಿದ್ದಳು. ಅಂದು ಕೋಚ್ ಮಗಳ ಕೈಗೆ ಸೇಬರ್ ಕೊಟ್ಟರು. ಬೆರಳು ಮುಚ್ಚುವ ಬಾಗಿದ ಗಾರ್ಡ್. ತುದಿಯಲ್ಲಿ ಗುಂಡಿ ಇಲ್ಲ, ತಿರುಪೂ ಇಲ್ಲ. ಅಲಗಿನ ಯಾವ ಭಾಗ ತಾಗಿದರೂ ದೀಪ ಹತ್ತುತ್ತದೆ. "ಅಲೆ" ಅಂದ ಎರಡು ಸೆಕೆಂಡಿನಲ್ಲಿ ಒಂದು ಪಾಯಿಂಟ್ ಮುಗಿದಿರುತ್ತದೆ. ಇಬ್ಬರೂ ನುಗ್ಗಿ ಬರುತ್ತಾರೆ, ಇಬ್ಬರ ದೀಪವೂ ಹತ್ತುತ್ತದೆ. ಆಗ ದಾಳಿ ಮೊದಲು ಯಾರದು ಅಂತ ರೆಫರಿ ಕೈಸನ್ನೆಯಲ್ಲಿ ತೀರ್ಮಾನ ಹೇಳುತ್ತಾರೆ. ಫಾಯಿಲ್‌ನಲ್ಲೂ ಈ ನಿಯಮ ಇದೆ, ಆದರೆ ಸೇಬರ್ ವೇಗದಲ್ಲಿ ನನ್ನ ಕಣ್ಣಿಗೆ ಏನೂ ಸಿಗಲಿಲ್ಲ.

ಮಗಳ ತಲೆ ಮೇಲೆ ಟಣ್ ಅಂತ ಮೊದಲ ಹೊಡೆತ ಬಿತ್ತು. ಮಾಸ್ಕ್ ಒಳಗಿಂದ ನಗು ಕೇಳಿಸಿತು. ಎದುರಿನವಳೂ ನಿಂತು ನಕ್ಕಳು. ಮತ್ತೆ ಗೆರೆಗೆ ಬಂದರು. ಐದು ಪಾಯಿಂಟಿನ ಆಟ, ಎದುರಿನವಳಿಗೆ ಐದು, ಮಗಳಿಗೆ ಒಂದು. ಆ ಒಂದು ಹೇಗೆ ಬಂತು ಅಂದರೆ, ಅವಳು ನುಗ್ಗುವ ಹಾಗೆ ಹೆಜ್ಜೆ ಕುಟ್ಟಿ ನಿಂತುಬಿಟ್ಟಳು. ಎದುರಿನವಳ ಸೇಬರ್ ಗಾಳಿ ಸೀಳಿ ಕೆಳಗೆ ಹೋಯಿತು. ಮಗಳು ಆಗ ತೋಳು ಚಾಚಿದಳು. ಎರಡನೇ ದಿನದ ಗವಸಿನ ಪಾಠ! ಅದನ್ನು ಬೆಂಚಿನಿಂದ ನೋಡಿ ಕಲಿತಳೋ, ಅವಳಿಗೇ ಹೊಳೆಯಿತೋ ನಾನು ಕೇಳಲಿಲ್ಲ. ಎರಡು ಜಡೆಯ ಪುಟ್ಟಿ ಬೆಂಚಿನ ಮೇಲೆ ಹತ್ತಿ ಚಪ್ಪಾಳೆ ತಟ್ಟಿದಳು. ಅಜ್ಜ ಛತ್ರಿ ಎತ್ತಿದರು.

ಸೇಬರ್‌ಗೆ ಬದಲಾಯಿಸುತ್ತೇನೆ ಅಂತ ಮಗಳು ಅಲ್ಲೇ ಪಟ್ಟು ಹಿಡಿದಳು. ಕೋಚ್ ತಾಳ್ಮೆಯಿಂದ ಕೇಳಿಸಿಕೊಂಡರು. ಸೇಬರ್‌ಗೆ ಲಾಮೆ ಬೇರೆ, ಮಾಸ್ಕ್ ಬೇರೆ, ಮೈಸೂರಿನಲ್ಲಿ ಕಲಿಸುವವರು ಫಾಯಿಲ್‌ನವರು. ಇನ್ನೂ ಒಂದೆರಡು ವರ್ಷ ಫಾಯಿಲ್‌ನಲ್ಲೇ ಕಾಲು ಗಟ್ಟಿಯಾಗಲಿ, ಆಮೇಲೆ ನೋಡೋಣ ಅಂದರು. ನನ್ನ ಕಡೆ ತಿರುಗಿ, ಈಗಲೇ ಪೂರ್ತಿ ಕಿಟ್ ಕೊಳ್ಳಬೇಡಿ, ಬೆಳೆಯುವ ಮಕ್ಕಳಿಗೆ ಜಾಕೆಟ್ ಬೇಗ ಗಿಡ್ಡವಾಗುತ್ತೆ, ಕ್ಲಬ್‌ನದ್ದೇ ಬಳಸಲಿ, ಕೈಗವಸು ಮಾತ್ರ ಸ್ವಂತದ್ದಿರಲಿ ಅಂತ ಹೇಳಿದರು. ಇದೇ ಮಾತನ್ನು ಹೊಸದಾಗಿ ಮಕ್ಕಳನ್ನು ಸೇರಿಸುವ ಅಪ್ಪ ಅಮ್ಮಂದಿರಿಗೆ ನಾನೂ ಹೇಳುತ್ತೇನೆ. ಮಾಸ್ಕ್ ಮಾತ್ರ ಯಾರದ್ದೇ ಆದರೂ ಹಾಕಿಕೊಳ್ಳುವ ಮುಂಚೆ ಜಾಲರಿ ಎಲ್ಲೂ ತಗ್ಗಿಲ್ಲವಾ ಅಂತ ಒತ್ತಿ ನೋಡಿಸಿಕೊಳ್ಳಿ.

ಹೊರಡುವಾಗ ಎಡಗೈ ಹುಡುಗಿ ಮಾತ್ರೆ ಡಬ್ಬಿಯಿಂದ ನಾಲ್ಕು ತಿರುಪು ಎಣಿಸಿ ಕಾಗದದಲ್ಲಿ ಕಟ್ಟಿ ಕೊಟ್ಟಳು. ಮಗಳು ತನ್ನ ಹತ್ತಿರ ಇದ್ದ ಮೈಸೂರ್ ಪಾಕ್ ಡಬ್ಬಿ ಕೊಟ್ಟಳು. ಸಾಯ್ ಕೇಂದ್ರದ ಗೇಟಿನ ಮುಂದೆ ಕಾರು ನಿಲ್ಲಿಸಿ ಹೊರಗಿಂದಲೇ ನೋಡಿದೆವು. ಸುಮ್ನೆ ಗೇಟು ನೋಡಲು ಯಾಕೆ ಅಂತ ನಮ್ಮವರು ಕೇಳಲಿಲ್ಲ.

ಮುಳಪ್ಪಿಲಂಗಾಡ್ ಬೀಚ್ ತಲಶ್ಶೇರಿಯಿಂದ ಹತ್ತಿರ, ಕಣ್ಣೂರು ದಾರಿಯಲ್ಲಿದೆ. ಮರಳು ಎಷ್ಟು ಗಟ್ಟಿ ಅಂದರೆ ಕಾರು ಓಡಿಸಬಹುದು. ಕಡಲು ಕೆರಳಿದ ದಿನಗಳಲ್ಲಿ ಬಿಡುವುದಿಲ್ಲ. ಹೋಗುವ ಮುಂಚೆ ಅಲ್ಲಿಯ ಅಂಗಡಿಯವರನ್ನು ಕೇಳಿ, ಮನೆಗೆ ಬಂದ ಕೂಡಲೇ ಕಾರಿನ ತಳ ಸಿಹಿನೀರಿನಲ್ಲಿ ತೊಳೆಸಿ. ನಾವು ಕಾರನ್ನು ಮೇಲೆಯೇ ಬಿಟ್ಟು ನಡೆದೆವು. ಕಲ್ಲುಮ್ಮಕ್ಕಾಯಿ, ಅಂದರೆ ನಮ್ಮ ಕರಾವಳಿಯವರು ನೀಲಿ ಕಲ್ಲು ಅನ್ನುತ್ತಾರಲ್ಲ, ಅದರ ಚಿಪ್ಪಿನೊಳಗೆ ಅಕ್ಕಿ ಹಿಟ್ಟು ತುಂಬಿ ಬೇಯಿಸಿ ಕರಿದು ಮಾರುತ್ತಿದ್ದರು. ಬಿಸಿ ಬಿಸಿ, ಖಾರ. ಮಗಳು ಒದ್ದೆ ಮರಳಿನ ಮೇಲೆ ಕಾಲಿನಿಂದ ಉದ್ದಕ್ಕೆ ಗೆರೆ ಎಳೆದು 14 ಮೀಟರ್ ಅಂದಾಜು ಮಾಡಿ ಅಪ್ಪನನ್ನು ಒಂದು ತುದಿಯಲ್ಲಿ ನಿಲ್ಲಿಸಿದಳು.

"ಮಂಡಿ ಬಗ್ಗಿಸು ಅಪ್ಪಾ. ಇನ್ನೂ. ಈಗ ನಾನು ಮುಂದೆ ಬಂದ್ರೆ ನೀನು ಹಿಂದೆ ಹೋಗ್ಬೇಕು, ದೂರ ಅಷ್ಟೇ ಇರ್ಬೇಕು. ನನ್ನ ಕೈ ನೋಡ್ಬೇಡ."

ನಮ್ಮವರು ಬಗ್ಗಿ ನಿಂತರು. ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿ ರೂಢಿಯಾದವರು, ಇಲ್ಲಿ ಹೇಳಿದ್ದನ್ನೆಲ್ಲ ಗಂಭೀರವಾಗಿ ಮಾಡಿದರು. ಅವಳು ಮುಂದೆ ಬಂದಳು, ಅವರು ಹಿಂದೆ ಸರಿದರು. ಅವಳು ಹೆಜ್ಜೆ ಕುಟ್ಟಿ ನಿಂತಳು, ಅವರು ಮಾತ್ರ ಸರಿಯುತ್ತಲೇ ಹೋದರು. "ಮೋಸ ಹೋದೆ!" ಅಂತ ಕೂಗಿದಳು. ಮತ್ತೆ ಮೊದಲಿನಿಂದ. ಮಳೆ ಮೋಡ ಏಳುವುದನ್ನು ನೋಡಿ ನಾನು ಕರೆದೆ. ಮಾಕುಟ್ಟವನ್ನು ಕತ್ತಲಾಗುವ ಮುಂಚೆ ಹತ್ತಬೇಕು, ಸಂಜೆ ಆನೆ ಓಡಾಡುವ ದಾರಿ.

ಘಾಟಿ ಹತ್ತುವಾಗ, ಎರಡೂ ದೀಪ ಹತ್ತಿದರೆ ಪಾಯಿಂಟ್ ಯಾರಿಗೆ ಅಂತ ಅವಳು ಅಪ್ಪನಿಗೆ ಹೇಳಿಕೊಡುತ್ತಿದ್ದಳು. ಅವರು ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ವಿರಾಜಪೇಟೆ ಬಂತು, ಕಾಫಿಗೆ ನಿಲ್ಲಿಸಿದೆವು. ಟೇಬಲ್ ಮೇಲೆ ಎರಡು ಚಮಚ ಎದುರುಬದುರು ಇಟ್ಟು ಪಾಠ ಮುಂದುವರಿಸಿದಳು. ಹೋಟೆಲಿನ ಹುಡುಗ ಲೋಟ ಇಡಲು ಜಾಗ ಸಿಗದೆ ನಿಂತಿದ್ದ. ಅವನಿಗೂ ಒಂದು ಸುತ್ತು ವಿವರಿಸಿದಳು.